ಸಾಲಿನ ಕೊನೆಯವರ ರಕ್ತ

ಹೋದ ತಿಂಗಳು ಚಿಕ್ಕಮ್ಮನ ಮಗಳಿಗೆ ಬಿಳಿಗಿರಿರಂಗನ ಬೆಟ್ಟದ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಅವಳ ಹಾಸಿಗೆ, ಪಾತ್ರೆ, ಗ್ಯಾಸ್ ಒಲೆ ತುಂಬಿಕೊಂಡು ಯಳಂದೂರಿನಿಂದ ನಾನೂ ಜೊತೆಗೆ ಹೋದೆ. ಶಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಸೋನೆ ಮಳೆಗೆ ಅದು ಒಣಗದೆ ಹಸಿ ವಾಸನೆ ಹೊಡೆಯುತ್ತಿತ್ತು. ಜಗುಲಿಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ.

“ಯಾಕಕ್ಕ, ತಲೆ ಸುತ್ತುತ್ತಾ?” ಎಂದಳು ತಂಗಿ.

ತಲೆ ಸುತ್ತಿರಲಿಲ್ಲ. ಸಿಟ್ಟು ಬಂದಿತ್ತು. ಇಷ್ಟು ವರ್ಷವಾದ ಮೇಲೂ ಅದು ಒಂದಿಷ್ಟೂ ಆರದೆ ನನ್ನೊಳಗೆ ಹಾಗೇ ಇದೆ ಎಂಬುದು ನನಗೂ ಗೊತ್ತಿರಲಿಲ್ಲ.

ಆ ವರ್ಷ ನಾನು ಕೊಳ್ಳೇಗಾಲದಲ್ಲಿ ಬಿಸಿಎ ಮುಗಿಸಿ ಅಗರದ ನಮ್ಮ ಮನೆಯಲ್ಲಿ ಕೂತಿದ್ದೆ. ಒಂದು ಸಂಸ್ಥೆಯವರು ಬೆಟ್ಟದ ಸೋಲಿಗರ ರಕ್ತ ಪರೀಕ್ಷೆಗೆ ಶಿಬಿರ ನಡೆಸಲು ಹೊರಟಿದ್ದರು. ಸಿಕಲ್ ಸೆಲ್ ಎಂಬ ಕಾಯಿಲೆ, ಹುಟ್ಟಿನಿಂದಲೇ ಬರುವಂಥದ್ದು. ದುಂಡಗಿರಬೇಕಾದ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಕೀಲುಗಳಲ್ಲಿ ಸಹಿಸಲಾಗದ ನೋವು, ರಕ್ತ ಕಡಿಮೆಯಾಗಿ ಸುಸ್ತು. ಯಾರಿಗಿದೆ ಎಂದು ಮೊದಲೇ ಗೊತ್ತಾದರೆ ಕಾಪಾಡಿಕೊಳ್ಳಬಹುದು. ಅದಕ್ಕೆ ಶಿಬಿರ. ಲ್ಯಾಪ್‌ಟಾಪಿನಲ್ಲಿ ಹೆಸರು, ವಯಸ್ಸು, ಪೋಡು, ಫಲಿತಾಂಶ ಬರೆದುಕೊಳ್ಳುವುದಕ್ಕೆ ನನ್ನನ್ನು ತೆಗೆದುಕೊಂಡರು. ಪೋಡು ಎಂದರೆ ಸೋಲಿಗರ ಹಟ್ಟಿ.

ಆಶ್ವಯುಜದಲ್ಲಿ ಶುರುವಾಯಿತು. ದಿನಾ ಬೆಳಗ್ಗೆ ಕೊಳ್ಳೇಗಾಲದಲ್ಲಿ ಸಂಸ್ಥೆ ಹಿಡಿದಿದ್ದ ನಮ್ಮ ಕೆಲಸದ ರೂಮಿನಿಂದ ಜೀಪು ಹೊರಡುತ್ತಿತ್ತು. ಓಡಿಸುವವನು ಅಂತೋಣಿ, ಹನೂರಿನ ಆಚೆ ಮಾರ್ಟಳ್ಳಿಯವನು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ದಾರಿಯುದ್ದಕ್ಕೂ ಏನಾದರೂ ಹೇಳುತ್ತಲೇ ಇರುತ್ತಿದ್ದ. ಒಂದು ವಾರ ಯಳಂದೂರಿನ ಕಡೆಯ ಬೆಟ್ಟ, ಇನ್ನೊಂದು ವಾರ ಹನೂರಿನ ಕಡೆಯ ಬೆಟ್ಟ. ಆ ಸಲ ಹಿಂಗಾರು ಮಳೆ ಹಿಡಿದದ್ದು ಬಿಡಲೇ ಇಲ್ಲ. ಶಾಲೆಯ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕೂತರೆ ಮಂಜು ಒಳಕ್ಕೇ ಬರುತ್ತಿತ್ತು. ಶಿಬಿರ ನಡೆಯುತ್ತದೆ ಎಂದು ಶಾಲೆಗಳಿಗೆ ಸುಣ್ಣ ಹೊಡೆಸಿದ್ದರು; ಒರಗಿ ಕೂತ ನನ್ನ ಬೆನ್ನೆಲ್ಲ ದಿನಾ ಬೆಳ್ಳಗಾಗುತ್ತಿತ್ತು.

ಜನ ಬರುತ್ತಿದ್ದರು. ಇದನ್ನು ನಾನು ಒತ್ತಿ ಹೇಳಬೇಕು. ಜನ ಬರುತ್ತಿದ್ದರು. ಕಾಫಿ ತೋಟದ ಕೂಲಿ ಬಿಟ್ಟು, ರಾಗಿ ಹೊಲದ ಹಂದಿ ಕಾವಲು ಬಿಟ್ಟು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತಿದ್ದರು. ಶಾಲೆಯ ಪಕ್ಕದ ಪೋಡಿನವರು ಬೆಳಗ್ಗೆಯೇ ಸಾಲು ನಿಲ್ಲುವರು. ಮೇಲಿನ ಪೋಡುಗಳವರಿಗೆ ಎರಡು ಗುಡ್ಡ ಇಳಿದು ಬರಬೇಕು, ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವ ತನಕ ಕಾಯಬೇಕು. ಅವರು ಬರುವ ಹೊತ್ತಿಗೆ ಮಧ್ಯಾಹ್ನ ಮುಗಿದಿರುತ್ತಿತ್ತು. ಅವರು ಯಾವಾಗಲೂ ಸಾಲಿನ ಕೊನೆಯವರು.

ಬಸವಿಯನ್ನು ನಾನು ನೋಡಿದ್ದು ಹಾಗೆಯೇ. ಅಂತೋಣಿ ಜೀಪಿಗೆ ಸಾಮಾನು ಹಾಕುತ್ತಿದ್ದ. ಆಶಾ ಕಾರ್ಯಕರ್ತೆ ರಂಗಮ್ಮ ಓಡಿ ಬಂದು, “ತಡಿ ಮೀನಾಕ್ಷಿ, ಮೇಲ್ಪೋಡಿನೋರು ಬತ್ತಾವ್ರ” ಎಂದಳು. ಮತ್ತೆ ಮೇಜು ಹಾಕಿದೆವು. ಹದಿನಾಲ್ಕು ಜನ ಬಂದರು. ಕೊನೆಯವಳು ಬಸವಿ, ಇಪ್ಪತ್ತರ ಆಸುಪಾಸು, ನಾಲ್ಕು ತಿಂಗಳ ಬಸುರಿ. ಏದುಸಿರು ಬಿಡುತ್ತಿದ್ದಳು. ಪಕ್ಕದಲ್ಲಿ ಗಂಡ ಕೇತೇಗೌಡ, ಹೆಂಡತಿ ನೆನೆಯದಂತೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಅವಳ ತಲೆಗೆ ಹಾಕಿದ್ದ.

“ನಿಧಾನಕ್ಕೆ ಕೂತ್ಕಳಿ” ಎಂದೆ.

“ಕೂತ್ರ ಏಳಕ್ಕಾಗದಿಲ್ಲ ಅಕ್ಕ” ಎಂದು ನಕ್ಕಳು. “ಮಂಡಿ ಇಡ್ಕಂಡದ.”

ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಸ್ವಲ್ಪ ಹೊತ್ತಿಗೆ ಫಲಿತಾಂಶ ನನ್ನ ಮೇಜಿಗೆ ಬಂತು. ಕಾಯಿಲೆ ಇತ್ತು. ಅಲ್ಲಿಯೇ ಹೇಳುವಂತಿಲ್ಲ, ಕೇಂದ್ರದವರು ಪಟ್ಟಿ ನೋಡಿ ಕರೆಸಿ ಇನ್ನೊಂದು ಪರೀಕ್ಷೆ ಮಾಡಿದ ಮೇಲೆ ಕಾರ್ಡು ಕೊಟ್ಟು ತಿಳಿಸಬೇಕು ಎಂಬುದು ನಿಯಮ. ನಾನು ಬಾಯಿ ಬಿಡಲಿಲ್ಲ. ಅವಳ ಹೆಸರು ಹೊಡೆದೆ, ಫಲಿತಾಂಶ ಹೊಡೆದೆ, ‘ದಿನದ ಕೆಲಸ ಮುಗಿಸು’ ಎಂಬ ಗುಂಡಿ ಒತ್ತಿದೆ. ‘ಎಲ್ಲ ಮಾಹಿತಿ ಕಳುಹಿಸಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಬಂತು. ಲ್ಯಾಪ್‌ಟಾಪು ಮುಚ್ಚಿದೆ.

ಪುಷ್ಯದ ಚಳಿಯಲ್ಲಿ ಒಂದು ದಿನ ರಂಗಮ್ಮ ಕೊಳ್ಳೇಗಾಲದ ನಮ್ಮ ರೂಮಿಗೆ ಬಂದಳು. ಬೆಟ್ಟದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನೀರು ಕೊಟ್ಟರೆ ಮುಟ್ಟಲಿಲ್ಲ.

“ಬಸವಿ ಕೂಸು ಓಯ್ತು” ಎಂದಳು. “ಏಳ್ ತಿಂಗ್ಳು ತುಂಬಿತ್ತು.”

ಅವಳಿಗೆ ಕುರ್ಚಿ ಎಳೆದು ಹಾಕಿದೆ.

“ಎಲ್ಡು ಸಲ ನಾನೇ ಕೆಳಿಕ್ ಕರ್ಕಂಡೋಗಿವ್ನಿ ಆಸ್ಪತ್ರಗ. ಕಾಲು ನೋವು, ಎದ ನೋವು ಅಂತ ಒದ್ದಾಡ್ತಿದ್ಲು. ಕಾರ್ಡ್ ಎಲ್ಲಿ ಅಂದ್ರು. ಇಲ್ಲ ಅಂದಿ. ಕಂಪ್ಯೂಟ್ರಲ್ಲಿ ನೋಡ್ಬುಟ್ಟು ಇವ್ಳು ಪರೀಕ್ಷಗೇ ಬಂದಿಲ್ಲ ಅಂದ್ರು. ಬಸ್ರೀರ್ಗ ರಕ್ತ ಕಮ್ಮಿ ಇರದು ಇದ್ದಿದ್ದೆ ಅಂತ ಕಬ್ಬಿಣದ ಮಾತ್ರ ಕೊಟ್ಟು ಕಳ್ಸುದ್ರು. ಮೂರ್ನೇ ಸಲಕ ಜೀವ ಇರ್ನಿಲ್ಲ ಒಟ್ಟೇಲಿ.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನೀ ಬರಕಂಡೆ ಕಣವ್ವ. ನಾ ನಿನ್ನ ಪಕ್ಕದಲ್ಲೇ ನಿಂತಿದ್ದಿ. ಆಮೇಲೆ ಅಳಿಸ್ಬುಟ್ಯಾ?”

ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವಳು ಹಾಗೆ ಕೇಳಿದ್ದು ತಪ್ಪೇನಲ್ಲ. ಗುಂಡಿ ಒತ್ತಿದವಳು ನಾನೇ ತಾನೇ.

ಪೋಡಿನವರೆಲ್ಲರ ಹೆಸರೂ ಮೊದಲೇ ಇದ್ದ ಸಂಸ್ಥೆಯ ಪಟ್ಟಿ ತೆಗೆದು ನೋಡಿದೆ. ಬಸವಿಯ ಹೆಸರಿನ ಮುಂದೆ ‘ಗೈರು’ ಎಂದಿತ್ತು. ಕೇತೇಗೌಡನ ಮುಂದೆಯೂ ಗೈರು. ಆ ಸಂಜೆ ಬಂದ ಹದಿನಾಲ್ಕು ಜನರೂ ಗೈರು. ರಂಗಮ್ಮ ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದಳು. ತನ್ನ ಸಮಾಧಾನಕ್ಕೆಂದು ಪ್ರತಿ ಶಿಬಿರದಲ್ಲೂ ಬಂದವರ ಹೆಸರನ್ನು ಬಂದ ಸಾಲಿನಲ್ಲೇ ಬರೆದಿಟ್ಟಿದ್ದಳು, ವಕ್ರವಕ್ರ ಅಕ್ಷರದಲ್ಲಿ. ಅವಳು ಓದುತ್ತಾ ಹೋದಳು, ನಾನು ಪಟ್ಟಿಯಲ್ಲಿ ಪರೀಕ್ಷೆಯಾದವರ ನಡುವೆ ಹುಡುಕುತ್ತಾ ಹೋದೆ. ಮೊದಲು ಬಂದವರು ಇದ್ದರು. ನಡುವೆ ಬಂದವರು ಇದ್ದರು. ಕೊನೆಯವರು ಇರಲಿಲ್ಲ. ಇನ್ನೊಂದು ಶಿಬಿರದ ಹಾಳೆ ತೆಗೆದೆವು. ಅಲ್ಲೂ ಕೊನೆಯವರು ಇರಲಿಲ್ಲ. ಒಂದು ದಿನ ಎಂಟು ಜನ, ಒಂದು ದಿನ ಹದಿನೇಳು, ಆದರೆ ಪ್ರತಿ ದಿನವೂ ಕೊನೆಯವರೇ. ಅಂದರೆ ಮೇಲಿನ ಪೋಡಿನವರೇ. ಎಲ್ಲರಿಗಿಂತ ಹೆಚ್ಚು ನಡೆದು ಬಂದವರೇ.

ನಮ್ಮ ಸಂಯೋಜಕ ಪ್ರಕಾಶ್ ಪಕ್ಕದ ಕೋಣೆಯಲ್ಲಿದ್ದ. ನೋಟ್‌ಬುಕ್ಕನ್ನೂ ಪಟ್ಟಿಯನ್ನೂ ಮುಂದಿಟ್ಟೆ. ಅವನು ನೋಟ್‌ಬುಕ್ಕನ್ನು ಬೆರಳ ತುದಿಯಲ್ಲಿ ಆಚೆ ಸರಿಸಿದ.

“ಮೀನಾಕ್ಷಿ, ಮೇಲಿನ ಪೋಡಿನ ಜನ ಸಹಕರಿಸ್ತಿಲ್ಲ ಅಂತ ನಾನು ಹೋದ ತಿಂಗಳ ವರದಿಯಲ್ಲೇ ಬರೆದಿದ್ದೀನಿ. ಕಾಡಿನ ಜನ, ಸೂಜಿ ಕಂಡ್ರೆ ಓಡ್ತಾರೆ. ಈಗ ನೀವು ಬಂದು ಎಲ್ಲರೂ ಬಂದಿದ್ರು ಅಂತೀರಿ. ಹಾಗಾದ್ರೆ ನೀವೇ ಎಂಟ್ರಿ ಮಾಡಿಲ್ಲ ಅಂತಾಯ್ತು.”

“ಮಾಡಿದ್ದೀನಿ ಸಾರ್. ಹಸಿರು ಅಕ್ಷರ ಬಂದಿದ್ದೂ ನೋಡಿದ್ದೀನಿ.”

“ಹಾಗಿದ್ರೆ ಪಟ್ಟಿಯಲ್ಲಿ ಇರಬೇಕಿತ್ತಲ್ಲ?”

ಕದ ಹಾಕಿಕೊಂಡು ನಮ್ಮ ರೂಮಿನಲ್ಲಿ ಲ್ಯಾಪ್‌ಟಾಪು ತೆರೆದೆ. ಇಲ್ಲದ ಐದು ಜನರ ಹೆಸರು ಹೊಡೆದೆ. ಒಬ್ಬರಿಗೆ ನಮ್ಮ ಮನೆಯ ಬೆಕ್ಕಿನ ಹೆಸರಿಟ್ಟೆ. ಮುಗಿಸು ಎಂದು ಒತ್ತಿದೆ. ಎಲ್ಲ ಮಾಹಿತಿ ಕಳುಹಿಸಲಾಗಿದೆ ಎಂದಿತು. ಪಟ್ಟಿ ತೆಗೆದು ನೋಡಿದರೆ ಐದರಲ್ಲಿ ಒಂದೂ ಇಲ್ಲ. ರಂಗಮ್ಮ ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. “ಸುಳ್ಳು ಯೋಳ್ತದಲ್ಲ ಇದು” ಎಂದಳು ಮೆಲ್ಲಗೆ.

ಪ್ರೋಗ್ರಾಂ ಬರೆದ ಸಾಲುಗಳು ಅದೇ ಲ್ಯಾಪ್‌ಟಾಪಿನಲ್ಲಿದ್ದವು. ಓದಿದೆ. ಅದರೊಳಗೆ ಇದ್ದದ್ದು ಎರಡು ಪ್ರೋಗ್ರಾಂ. ಒಂದು ನಾನು ಹೊಡೆದದ್ದನ್ನು ತೆಗೆದುಕೊಳ್ಳುವುದು, ಇನ್ನೊಂದು ಅದನ್ನು ಕೇಂದ್ರದ ಕಂಪ್ಯೂಟರಿಗೆ ಕಳಿಸುವುದು. ನಡುವೆ ಒಂದು ಪೈಪು. ಅದರ ಹೆಸರೇ ಪೈಪು. ಹೆಸರು ಹೊಡೆದ ಹಾಗೇ ಒಂದೊಂದಾಗಿ ದಾಟಿಸದೆ, ಇಷ್ಟು ಎಂದು ಸೇರುವ ತನಕ ತನ್ನಲ್ಲೇ ಇಟ್ಟುಕೊಂಡು ಒಟ್ಟಿಗೆ ಸುರಿಯುತ್ತಿತ್ತು. ಅದರಲ್ಲಿ ತಪ್ಪಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ದಿನದ ಕೊನೆಗೆ ನಿಲ್ಲಿಸುವಾಗ, ಕೈಯಲ್ಲಿ ಉಳಿದದ್ದನ್ನು ಮೊದಲು ಸುರಿದು ಆಮೇಲೆ ಪೈಪು ಮುಚ್ಚಬೇಕು. ಇಲ್ಲಿ ಉಲ್ಟಾ ಆಗಿತ್ತು. ಕಳಿಸುವ ಪ್ರೋಗ್ರಾಮನ್ನು ಮೊದಲು ನಿಲ್ಲಿಸಿ, ಆಚೆ ತುದಿ ಮುಚ್ಚಿದ ಮೇಲೆ ಉಳಿದ ಹೆಸರುಗಳನ್ನು ಅದಕ್ಕೆ ಸುರಿಯಲು ಹೋಗುತ್ತಿತ್ತು. ತೆಗೆದುಕೊಳ್ಳುವವರು ಯಾರೂ ಇಲ್ಲ ಎಂದು ಕಂಪ್ಯೂಟರು ಪ್ರತಿ ಸಲವೂ ದೂರು ಹೇಳುತ್ತಿತ್ತು. ಆ ದೂರಿನ ಜಾಗದಲ್ಲಿ ಪ್ರೋಗ್ರಾಂ ಬರೆದವನು ಎರಡು ಪದ ಹಾಕಿದ್ದ. ದೂರು ಬಂದರೆ ಏನೂ ಮಾಡಬೇಡ, ಮುಂದೆ ಹೋಗು ಎಂದು ಅದರ ಅರ್ಥ. ಮುಂದಿನ ಸಾಲಿನಲ್ಲಿ ಹಸಿರು ಅಕ್ಷರ.

ಬರೆದವನು ಮೈಸೂರಿನ ನವೀನ್. ಫೋನು ಮಾಡಿದೆ.

“ಓ ಅದಾ ಮೇಡಂ” ಎಂದ, ನೆನಪಾದ ಖುಷಿಯಲ್ಲಿ. “ಡೆಮೊ ಕೊಡುವಾಗ ಮುಚ್ಚಿದ ತಕ್ಷಣ ಕೆಂಪು ಅಕ್ಷರದಲ್ಲಿ ಎರರ್ ಬರ್ತಿತ್ತು. ದೊಡ್ಡವರೆಲ್ಲ ಕೂತಿದ್ರು, ನೋಡೋಕೆ ಚೆನ್ನಾಗಿರ್ಲಿಲ್ಲ. ಅದಕ್ಕೆ ತೆಗೆದುಹಾಕಿದೆ.”

“ಎರರ್ ತೆಗೆದಿರಾ, ಎರರ್ ತೋರಿಸೋದನ್ನ ತೆಗೆದಿರಾ?”

“ಎರಡೂ ಒಂದೇ ಅಲ್ವಾ ಮೇಡಂ? ಹೇಗಿದ್ರೂ ಪ್ರೋಗ್ರಾಂ ಮುಗೀತಾ ಇರುತ್ತೆ. ಮುಗಿಯುವಾಗ ಬರೋ ಎರರಿಂದ ಯಾರಿಗೇನು ತೊಂದ್ರೆ?”

ಏಳು ತಿಂಗಳ ಕೂಸಿನ ಸುದ್ದಿ ಹೇಳಿದೆ. “ಮೇಲ್ ಮಾಡಿ, ನೋಡ್ತೀನಿ” ಎಂದು ಇಟ್ಟುಬಿಟ್ಟ.

ಪ್ರೋಗ್ರಾಂ ಮುಟ್ಟಬಾರದು ಎಂದು ನನ್ನ ಕರಾರಿನಲ್ಲಿ ಬರೆದಿತ್ತು. ಮುಟ್ಟಿದೆ. ಎರಡು ದಿನ ಹಿಡಿಯಿತು. ಮೊದಲು ಉಳಿದದ್ದನ್ನು ಸುರಿ. ಸುರಿದದ್ದು ತಲುಪಿತೇ ಎಂದು ಕೇಳು. ತಲುಪಿದ ಮೇಲೆ ಮುಚ್ಚು. ಆಚೆ ತುದಿ ಯಾವ ಕಾರಣಕ್ಕೋ ಮೊದಲೇ ಮುಚ್ಚಿಹೋಗಿದ್ದರೆ, ಅದಕ್ಕೆ ಸುರಿಯಲು ಹೋಗಿ ಅರ್ಧದಲ್ಲಿ ಸಾಯಬೇಡ, ಸುಮ್ಮನೆಯೂ ಇರಬೇಡ. ಉಳಿದ ಹೆಸರುಗಳನ್ನು ಬೇರೆ ಕಡತದಲ್ಲಿ ಬೀಗ ಹಾಕಿ ಇಡು, ಎಷ್ಟು ಜನ ಉಳಿದರು, ಯಾರು ಉಳಿದರು ಎಂದು ತೋರಿಸು, ಮನುಷ್ಯರೊಬ್ಬರು ಅದನ್ನು ನೋಡಿದೆ ಎನ್ನುವ ತನಕ ನಿಲ್ಲಬೇಡ. ಇಷ್ಟೇ. ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಹೇಳಿಕೊಡುವ ಪಾಠ. ಇಷ್ಟನ್ನು ಮಾಡದೆ ಇದ್ದದ್ದಕ್ಕೆ ಒಂದು ಇಡೀ ಬೆಟ್ಟದ ಜನರಿಗೆ ಅಸಹಕಾರದವರು ಎಂದು ಹೆಸರು ಬಂದಿತ್ತು.

ಮಾಡಿದ್ದನ್ನು ಬರೆದು ರಂಗಮ್ಮನ ನೋಟ್‌ಬುಕ್ಕಿನ ನಕಲಿನ ಜೊತೆ ಪ್ರಕಾಶನಿಗೂ ಅವನ ಮೇಲಿನವರಿಗೂ ಕಳಿಸಿದೆ. ಒಂದು ವಾರಕ್ಕೆ ಉತ್ತರ ಬಂತು. ಹೊಸ ಪ್ರೋಗ್ರಾಂ ಬಂದಿದೆ, ಹಾಕಿಕೊಳ್ಳುವುದು. ತೆರೆದು ನೋಡಿದರೆ ಬಹುಪಾಲು ನಾನು ಬರೆದದ್ದೇ. ಏನು ಬದಲಾಗಿದೆ ಎಂದು ಹೇಳುವ ಜಾಗದಲ್ಲಿ ‘ಸಣ್ಣಪುಟ್ಟ ಸುಧಾರಣೆ’ ಎಂದು ಹಾಕಿದ್ದರು. ಆ ಪದಗಳನ್ನು ಓದಿದಾಗ ಎದುರಿಗಿದ್ದ ಸ್ಟೀಲ್ ಲೋಟ ತೆಗೆದು ಗೋಡೆಗೆ ಬೀಸಿದೆ. ಅಂತೋಣಿ ಬಾಗಿಲಲ್ಲಿ ನಿಂತಿದ್ದ. ಲೋಟ ಎತ್ತಿ, ನೆಗ್ಗಿದ್ದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೇಜಿನ ಮೇಲಿಟ್ಟು ಹೋದ.

ಬಿಟ್ಟುಹೋದವರಿಗೆ ಮತ್ತೊಮ್ಮೆ ಶಿಬಿರ ಮಾಡುವುದು ಎಂದಾಯಿತು. ಶಿವರಾತ್ರಿ ಕಳೆದಿತ್ತು. ಮಳೆ ಹೋಗಿ ಲಂಟಾನದ ಪೊದೆ ಒಣಗಿ ಕಡ್ಡಿಯಾಗಿತ್ತು, ದಾರಿಯುದ್ದಕ್ಕೂ ಕೆಂಧೂಳು. ಅದೇ ಶಾಲೆಯ ಜಗುಲಿ. ಈ ಸಲ ಫೋಟೊ ತೆಗೆಸಿಕೊಳ್ಳಬೇಕೆಂದು ಪ್ರಕಾಶನೂ ಬಂದಿದ್ದ. ಮೇಲಿನ ಪೋಡಿನವರು ಬೆಳಗ್ಗೆ ಹತ್ತಕ್ಕೇ ಬಂದರು. ಕತ್ತಲಿರುವಾಗಲೇ ಹೊರಟಿರಬೇಕು. ಬಂದವರು ಸಾಲು ನಿಲ್ಲಲಿಲ್ಲ. ಶಾಲೆಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಒಟ್ಟಿಗೆ ಕೂತರು. ನಡುವೆ ಬಸವಿ, ಸೆರಗು ಮೈತುಂಬ ಹೊದ್ದುಕೊಂಡು. ನಾನು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಅವಳು ನನ್ನತ್ತ ತಿರುಗಲಿಲ್ಲ.

“ಬನ್ನಿ, ಬನ್ನಿ, ಶುರು ಮಾಡೋಣ” ಎಂದ ಪ್ರಕಾಶ್.

ಕೇತೇಗೌಡ ಎದ್ದು ನಿಂತ. “ನಮ್ಮ ರಕ್ತ ಒಂದ್ಸಲ ತಕಂಡಿದ್ರಲ್ಲ ಸಾ, ಏನಾಯ್ತು?”

“ತಾಂತ್ರಿಕ ಕಾರಣದಿಂದ ಸ್ವಲ್ಪ ತೊಂದರೆ ಆಗಿದೆ.”

“ಅದು ನಮ್ಗ ಅರ್ಥಾಗದಿಲ್ಲ. ನಾವು ಬಂದಿರ್ನಿಲ್ಲ ಅಂತ ನೀವು ಬರ್ದಿದ್ದೀರಿ. ಬಂದಿದ್ವಾ, ಬಂದಿರ್ನಿಲ್ವಾ? ಅದೊಂದ್ ಯೋಳಿ.”

“ಹಳೇ ವಿಷಯ ಯಾಕೀಗ? ನಿಮ್ಮ ಒಳ್ಳೇದಕ್ಕೇ ತಾನೇ ಮತ್ತೆ ಬಂದಿರೋದು.”

ಕೇತೇಗೌಡ ಕೂತುಕೊಂಡ. ಯಾರೂ ಏಳಲಿಲ್ಲ. ಸೂಜಿ, ಹತ್ತಿ, ಸ್ಪಿರಿಟ್ಟು ಎಲ್ಲ ಮೇಜಿನ ಮೇಲೆ ಬಿಚ್ಚಿಟ್ಟಿದ್ದವು. ಹನ್ನೊಂದಾಯಿತು. ಹನ್ನೆರಡಾಯಿತು. ಪ್ರಕಾಶ್ ಜಗುಲಿಯ ಮೇಲೆ ಅತ್ತಿಂದಿತ್ತ ಓಡಾಡಿದ, ಫೋನು ಹಿಡಿದು ಸಿಗ್ನಲ್ ಹುಡುಕಿದ, ನನ್ನ ಹತ್ತಿರ ಬಂದು, “ನೀವೇ ಹೇಳಿಕೊಟ್ಟಿದ್ದೀರಾ ಇದನ್ನೆಲ್ಲ” ಎಂದು ಹಲ್ಲು ಕಡಿದ. ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಬುದ್ಧಿ ನನಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಒಂದು ಗಂಟೆಯ ಹೊತ್ತಿಗೆ ಅವನು ಮೆಟ್ಟಿಲಿಳಿದ. “ಆಯ್ತಪ್ಪ. ನೀವು ಬಂದಿದ್ರಿ.”

“ಬರ್ದು ಕೊಡಿ” ಎಂದ ಕೇತೇಗೌಡ.

ಪ್ರಕಾಶ್ ಸಂಸ್ಥೆಯ ಹಾಳೆಯ ಮೇಲೆ ಬರೆದ. ಕೇತೇಗೌಡ ಅದನ್ನು ರಂಗಮ್ಮನಿಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. ತಾಂತ್ರಿಕ ಕಾರಣದಿಂದ ಎಂಬ ಪದದ ಹತ್ತಿರ ಅವನು ಕೈ ಅಡ್ಡ ಹಿಡಿದ. “ಅದ ವಡೀರಿ. ನಾವು ಬಂದಿದ್ದೊ, ನೀವು ಕಳಕಂಡ್ರಿ. ಅಷ್ಟೇ ಇರ್ಲಿ.”

ಪ್ರಕಾಶ್ ಪದ ಹೊಡೆದುಹಾಕಿದ. ಕೆಳಗೆ ಸಹಿ ಹಾಕಿದ. ಹಾಳೆ ಕೇತೇಗೌಡನ ಅಂಗಿಯ ಜೇಬಿಗೆ ಹೋಯಿತು. ಸಂಸ್ಥೆಯ ಕೊನೆಯ ವರದಿಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ‘ಮೇಲಿನ ಪೋಡುಗಳ ಜನರ ಅಸಹಕಾರ’ ಎಂಬ ಸಾಲು ಹಾಗೇ ಅಚ್ಚಾಯಿತು. ನನ್ನ ಕರಾರನ್ನು ಮುಂದುವರಿಸಲಿಲ್ಲ. ಅದು ನನಗೆ ದೊಡ್ಡದೆನಿಸಲಿಲ್ಲ. ಆ ಸಾಲು ಅಚ್ಚಾದದ್ದನ್ನು ಮಾತ್ರ ಈಗಲೂ ಮರೆತಿಲ್ಲ.

ಆ ಮಧ್ಯಾಹ್ನ ಅವರು ಸಾಲು ನಿಂತರು. ಮೊದಲು ಬಸವಿಯನ್ನು ನಿಲ್ಲಿಸಿದರು. ಅವಳು ನನ್ನ ಮೇಜಿನ ಎದುರು ಕೂತಳು. ಹೆಸರು ಗೊತ್ತಿದ್ದರೂ ಕೇಳಬೇಕು, ಅದು ನಿಯಮ. ಕೇಳಿದೆ. “ಬಸವಿ” ಎಂದಳು. ಹೊಡೆದೆ. ಎರಡು ಸಲ ತಪ್ಪಾಯಿತು. ಫಲಿತಾಂಶ ಬಂತು, ಅದೇ ಫಲಿತಾಂಶ. ಈ ಸಲ ನಿಯಮ ಬಿಟ್ಟು ಬಾಯಿ ತೆರೆದೆ.

“ಬಸವಿ, ಹೋದ ಸಲವೇ ಗೊತ್ತಾಗಿತ್ತು. ನಾನೇ ನೋಡಿದ್ದೆ. ಹೇಳಲಿಲ್ಲ.”

ಅವಳು ನನ್ನ ಮುಖವನ್ನು ದಿಟ್ಟಿಸಿ ನೋಡಿದಳು. ಎದ್ದು ಹೋಗಿ ಕಂಬಕ್ಕೆ ಒರಗಿ ಕೂತಳು. ಉಳಿದವರದೆಲ್ಲ ಮುಗಿಯಿತು. ಯಾರೂ ಹೊರಡಲಿಲ್ಲ. ನಾನು ಮುಗಿಸುವ ಗುಂಡಿ ಒತ್ತುವಾಗ ಎಲ್ಲರೂ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರು. ಬಸವಿಯೂ ಬಂದಳು. ಎಲ್ಲ ತಲುಪಿದೆ, ಉಳಿದವರು ಯಾರೂ ಇಲ್ಲ ಎಂದು ಪರದೆಯ ಮೇಲೆ ಬಂತು. ರಂಗಮ್ಮ ಓದಿ ಹೇಳಿದಳು.

“ಅದ್ನಲ್ಲ” ಎಂದಳು ಬಸವಿ. “ನನ್ನ ಹೆಸ್ರು ಎಲ್ಲದ, ಅದ ತೋರ್ಸು.”

ಬೆಟ್ಟದ ಆ ಮೂಲೆಯಲ್ಲಿ ಸಿಗ್ನಲ್ ಸಿಗುವ ತನಕ ಕಾದು, ಕೇಂದ್ರದ ಪಟ್ಟಿ ತೆಗೆದು, ಈಗ ಗೈರು ಎಂದಿಲ್ಲದ ಅವಳ ಹೆಸರಿನ ಮೇಲೆ ಬೆರಳಿಟ್ಟೆ. ಓದಲು ಬಾರದವಳು ಬಗ್ಗಿ ಆ ಮೂರು ಅಕ್ಷರಗಳನ್ನು ನೋಡಿದಳು. ತನ್ನ ಬೆರಳನ್ನೂ ಪರದೆಗೆ ತಾಗಿಸಿದಳು. ರಂಗಮ್ಮ ಹೌದೆಂದು ತಲೆ ಆಡಿಸಿದಳು. ಆಮೇಲೆ ಬಸವಿ ಸೆರಗು ಸರಿಮಾಡಿಕೊಂಡು, ನನಗೆ ಒಂದು ಮಾತೂ ಹೇಳದೆ, ಗಂಡನ ಹಿಂದೆ ಗುಡ್ಡದ ದಾರಿ ಹಿಡಿದಳು. ನಾನು ಕರೆಯಲಿಲ್ಲ. ಅವಳು ನನಗೆ ಏನಾದರೂ ಹೇಳಬೇಕು ಎಂದು ಕೇಳುವ ಹಕ್ಕು ನನಗಿರಲಿಲ್ಲ.